ಅಮ್ಮನ ಗಂಟಲು ನೋವಿಗೆ ಆಸ್ಪತ್ರೆಯೇ ಬೇಕೇ?

ಊರಿನಿಂದ ಅಮೆರಿಕಕ್ಕೆ ಬಂದಿರುವ ನಿಮ್ಮ ತಾಯಿಯವರಿಗೆ ಎರಡು ದಿನದಿಂದ ಗಂಟಲು ನೋವು, ಸಣ್ಣ ಜ್ವರ. ಔಷಧಿ ಅಂಗಡಿಯೊಳಗಿನ ಕ್ಲಿನಿಕ್ ಸಾಕೇ ಎಂದು ಕೇಳಿದ್ದೀರಿ. ಉಸಿರಾಟ ಸರಾಗವಾಗಿದ್ದು, ಎಂಜಲು ನುಂಗಲು ಆಗುತ್ತಿದ್ದರೆ ಸಿವಿಎಸ್ ಎಂಬ ಔಷಧಿ ಅಂಗಡಿಯ ಮಿನಿಟ್‌ಕ್ಲಿನಿಕ್‌ನಂಥ ಜಾಗ ಧಾರಾಳ ಸಾಕು. ಅಲ್ಲಿ ನೋಡುವವರು ಸಾಮಾನ್ಯವಾಗಿ ನರ್ಸ್ ಪ್ರಾಕ್ಟೀಷನರ್, ಅಂದರೆ ಹೆಚ್ಚಿನ ತರಬೇತಿ ಪಡೆದ ನರ್ಸ್. ಡಾಕ್ಟರಲ್ಲವೆಂದು ಅಮ್ಮ ಮೂಗು ಮುರಿಯಬಹುದು (ನಮ್ಮ ಅತ್ತೆ ಮುರಿದಿದ್ದರು), ಆದರೆ ಗಂಟಲಿಗೆ ಹತ್ತಿಕಡ್ಡಿ ಆಡಿಸಿ ಸ್ಟ್ರೆಪ್ (ಗಂಟಲಿನ ಬ್ಯಾಕ್ಟೀರಿಯಾ ಸೋಂಕು) ಪರೀಕ್ಷೆ ಮಾಡಿ, ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಹೇಳುತ್ತಾರೆ, ಔಷಧಿಯನ್ನೂ ಬರೆದುಕೊಡುತ್ತಾರೆ.

ಎಕ್ಸ್‌ರೇ ಬೇಕಾದರೆ ಅರ್ಜೆಂಟ್ ಕೇರ್ ಎಂಬ, ಇದಕ್ಕಿಂತ ದೊಡ್ಡ ಕ್ಲಿನಿಕ್ ಹುಡುಕಿ. ಎದೆನೋವು, ಏದುಸಿರು, ಮಾತು ತೊದಲುವುದು ಕಂಡರೆ ಯೋಚಿಸದೆ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. 1986ರ ಕಾನೂನಿನ ಪ್ರಕಾರ ಆಸ್ಪತ್ರೆಯ ತುರ್ತು ವಿಭಾಗದವರು ದುಡ್ಡಿನ ಮಾತಿಗೆ ಕಾಯದೆ ಮೊದಲು ರೋಗಿಯನ್ನು ಪರೀಕ್ಷಿಸಲೇಬೇಕು. ಬಿಲ್ಲು ಮಾತ್ರ ಆಮೇಲೆ ಬಂದೇ ಬರುತ್ತದೆ! ಹಾಗಾಗಿ ಗಂಟಲು ನೋವಿಗೆಲ್ಲ ಅಲ್ಲಿಗೆ ಓಡಬೇಡಿ. ಪ್ರವಾಸಿ ವಿಮೆಯವರಿಗೆ ಮೊದಲೇ ಒಂದು ಫೋನ್ ಮಾಡಿ.

ಇನ್ನೊಂದು ಮಾತು, ಅಮ್ಮನ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನೇ ಜೊತೆಗೆ ಒಯ್ಯಿರಿ. ನಮ್ಮ ಬ್ರ್ಯಾಂಡ್ ಹೆಸರುಗಳು ಇಲ್ಲಿಯವರಿಗೆ ಗೊತ್ತಿರುವುದಿಲ್ಲ. ಹಿಂಬದಿಯ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರು ತೋರಿಸಿ. ಕೆಲವೊಮ್ಮೆ ಆ ಹೆಸರೂ ಬೇರೆ: ನಮ್ಮ ಪ್ಯಾರಾಸಿಟಮಾಲ್‌ಗೆ ಇಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ.