ಟೆಸ್ಟ್ ಪಂದ್ಯ ಐದು ದಿನ ನಡೆದರೂ ಡ್ರಾ ಆಗುವುದೇಕೆ? ಏಕದಿನ ಪಂದ್ಯ ಏಕೆ ಹಾಗಾಗುವುದಿಲ್ಲ?

ಟೆಸ್ಟ್‌ನಲ್ಲಿ ಹೆಚ್ಚು ರನ್ ಗಳಿಸಿದ ಮಾತ್ರಕ್ಕೆ ಗೆಲುವು ಸಿಗುವುದಿಲ್ಲ. ಕೊನೆಯ ಇನಿಂಗ್ಸ್ ಆಡುವ ತಂಡ ಗುರಿ ಮುಟ್ಟಬೇಕು, ಇಲ್ಲವೇ ಆಲೌಟ್ ಆಗಬೇಕು. ಎರಡೂ ಆಗದೆ ಐದನೆಯ ದಿನದ ಆಟ ಮುಗಿದರೆ, ಎದುರಾಳಿ 300 ರನ್ ಮುಂದಿದ್ದರೂ ಪಂದ್ಯ ಡ್ರಾ.

ಏಕದಿನ ಪಂದ್ಯದಲ್ಲಿ ಪ್ರತಿ ತಂಡಕ್ಕೆ 50 ಓವರ್, ಟಿ20ಯಲ್ಲಿ 20. ಓವರ್‌ಗಳು ಮುಗಿದರೆ ಹತ್ತು ವಿಕೆಟ್ ಬೀಳದಿದ್ದರೂ ಇನಿಂಗ್ಸ್ ಮುಗಿದಂತೆಯೇ; ಆಮೇಲೆ ರನ್ ಹೋಲಿಸಿದರಾಯಿತು. ಸಮವಾದರೆ ಅದು ಟೈ, ಡ್ರಾ ಅಲ್ಲ. ಟೆಸ್ಟ್ ಇನಿಂಗ್ಸ್‌ಗೆ ಓವರ್‌ಗಳ ಮಿತಿಯೇ ಇಲ್ಲ. ಆದ್ದರಿಂದ ಸೋಲಿನ ಅಂಚಿನಲ್ಲಿರುವ ತಂಡ ರನ್ನಿನ ಆಸೆ ಬಿಟ್ಟು, ವಿಕೆಟ್ ಕಾಯ್ದುಕೊಂಡು ಹೊತ್ತು ದೂಡಬಹುದು. ಕೊನೆಯ ಜೋಡಿ ಹೀಗೆ ದಿನದಾಟ ಮುಗಿಯುವವರೆಗೆ ಕಚ್ಚಿಕೊಂಡು ನಿಲ್ಲುವುದು ನನ್ನ ಪಾಲಿಗೆ ಗೆಲುವಿನಷ್ಟೇ ರೋಮಾಂಚಕ.

ಹಿಂದೆ ಫಲಿತಾಂಶ ಬರುವವರೆಗೂ ಆಡುವ ಟೆಸ್ಟ್‌ಗಳೂ ಇದ್ದವು. 1939ರಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 696 ರನ್ ಬೆನ್ನಟ್ಟಿದ ಇಂಗ್ಲೆಂಡ್ 5 ವಿಕೆಟ್‌ಗೆ 654 ತಲುಪಿದ್ದಾಗ ಮಳೆ ಸುರಿಯಿತು. ತಾಯ್ನಾಡಿಗೆ ಮರಳುವ ಹಡಗು ಹಿಡಿಯಲೇಬೇಕಿದ್ದುದರಿಂದ ಆ ಪಂದ್ಯವೂ ಡ್ರಾ ಆಯಿತು.