ಬರೆಯದೇ ಉಳಿದ ‘ಯಾಕಂದ್ರೆ’

ಪ್ರಶ್ನೆ: ಆಫೀಸಿನ ವಾಟ್ಸಾಪ್ ಗುಂಪಿಗೆ ಗೆಳೆಯನ ಬಗ್ಗೆ ಎರಡು ಸಾಲು ಹಾಕಿದೆ. ‘ಅವನು ಇವತ್ತು ಕೆಲಸಕ್ಕೆ ಬಂದಿಲ್ಲ. ನಿನ್ನೆ ರಾತ್ರಿ ಪಾರ್ಟಿ ಇತ್ತು.’ ಅವನು ಕೆಂಡಾಮಂಡಲ. ‘ಕುಡಿದು ಮಲಗಿದ್ದೆ ಅಂತ ಎಲ್ಲರಿಗೂ ಸಾರಿಬಿಟ್ಟೆ’ ಅನ್ನುತ್ತಾನೆ. ನಾನು ಹಾಗೆ ಬರೆದೇ ಇಲ್ಲ. ಎರಡೂ ವಾಕ್ಯ ನಿಜ. ಬರೆಯದ ಮಾತಿಗೂ ನಾನು ಹೊಣೆಯೇ? ಇಂಥದ್ದನ್ನೆಲ್ಲ ಯಾರಾದರೂ ಕೂತು ಅಧ್ಯಯನ ಮಾಡುತ್ತಾರಾ?

ಉತ್ತರ: ಮಾಡುತ್ತಾರೆ. ಮತ್ತೆ, ಹೌದು, ನೀವು ಹೊಣೆ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ಗುಂಡಿಗೆ ಬಿದ್ದವಳು.

ಭಾಷಾವಿಜ್ಞಾನ ಓದುವ ಮೊದಲು ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಂದು ಸಂಘದ ವರದಿ ಬಂತು. ‘ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ಅದಾಗಿ ಎಷ್ಟೋ ದಿನದ ಮೇಲೆ ಲೆಕ್ಕದಲ್ಲಿ ತಪ್ಪು ಕಂಡುಬಂತು.’ ಪುಟದಲ್ಲಿ ಒಂದು ಸಾಲು ಜಾಸ್ತಿಯಾಗಿತ್ತು. ‘ಅದಾಗಿ ಎಷ್ಟೋ ದಿನದ ಮೇಲೆ’ ಅನ್ನುವುದನ್ನು ಹೊಡೆದು ಹಾಕಿದೆ. ಅಚ್ಚಾಗಿದ್ದು ಹೀಗೆ: ‘ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ಲೆಕ್ಕದಲ್ಲಿ ತಪ್ಪು ಕಂಡುಬಂತು.’ ಮಾರನೇ ದಿನ ಆ ಮನುಷ್ಯ ಕಚೇರಿಗೇ ಬಂದರು. ‘ನನ್ನನ್ನ ಕಳ್ಳ ಮಾಡಿಬಿಟ್ಟಿರಲ್ಲಮ್ಮ’ ಅಂದರು. ಕೂಗಾಡಿದ್ದರೆ ವಾಸಿಯಿತ್ತು. ಒಂದು ಸುಳ್ಳು ಪದವನ್ನೂ ನಾನು ಸೇರಿಸಿರಲಿಲ್ಲ. ನಾಲ್ಕು ಪದ ತೆಗೆದಿದ್ದೆ, ಅಷ್ಟೇ. ತಿದ್ದುಪಡಿ ಹಾಕಿದೆವು. ಅದನ್ನು ಯಾರು ಓದುತ್ತಾರೆ?

ಏನಾಯಿತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಈ ಜೋಡಿ ನೋಡಿ: ‘ರವಿ ಬಿದ್ದ. ಸುರೇಶ ಎತ್ತಿದ.’ ಈಗ ಇದು: ‘ರವಿ ಬಿದ್ದ. ಸುರೇಶ ತಳ್ಳಿದ.’ ಕ್ರಿಯಾಪದದ ರೂಪ ಎರಡರಲ್ಲೂ ಒಂದೇ. ಆದರೆ ಮೊದಲನೆಯದರಲ್ಲಿ ಬಿದ್ದ ಮೇಲೆ ಎತ್ತಿದ್ದು, ಎರಡನೆಯದರಲ್ಲಿ ತಳ್ಳಿದ ಮೇಲೆ ಬಿದ್ದದ್ದು. ಕಾಲವೇ ತಿರುಗುಮುರುಗು! ವ್ಯಾಕರಣದಲ್ಲಿ ಎಷ್ಟು ಹುಡುಕಿದರೂ ಇದಕ್ಕೆ ಕಾರಣ ಸಿಗುವುದಿಲ್ಲ.

ನಿಕೊಲಸ್ ಆಶರ್ ಮತ್ತು ಅಲೆಕ್ಸ್ ಲ್ಯಾಸ್ಕರೈಡಿಸ್ ಎಂಬ ಇಬ್ಬರು ಸಂಶೋಧಕರು 1993ರಲ್ಲಿ ಇಂಥ ಜೋಡಿಗಳನ್ನೇ ತರ್ಕದ ನಿಯಮಗಳಿಗೆ ಇಳಿಸಿದರು. ವಾಕ್ಯಗಳು ಅಕ್ಕಪಕ್ಕ ಬಂದರೆ ನಾವು ಸುಮ್ನೆ ಇರುವುದಿಲ್ಲ. ನಡುವೆ ಒಂದು ಸಂಬಂಧ ಕಟ್ಟುತ್ತೇವೆ: ಮುಂದಿನ ಘಟನೆ, ಕಾರಣ, ವಿವರ, ವಿರೋಧ, ಹೀಗೆ. ಬೇರೇನೂ ಗೊತ್ತಿಲ್ಲದಿದ್ದರೆ ‘ಆಮೇಲೆ’ ಅಂತ ಓದಿಕೊಳ್ಳುತ್ತೇವೆ. ತಳ್ಳಿದರೆ ಬೀಳುತ್ತಾರೆ ಅನ್ನುವ ತಿಳಿವಳಿಕೆ ಇದ್ದರೆ ಆ ‘ಆಮೇಲೆ’ ಸೋಲುತ್ತದೆ. ಹಕ್ಕಿಗಳು ಹಾರುತ್ತವೆ ಅನ್ನುವುದು ಸಾಮಾನ್ಯ ನಿಯಮ. ಎದುರಿಗಿರುವುದು ಪೆಂಗ್ವಿನ್ ಅಂತ ಗೊತ್ತಾದ ಮೇಲೆ ಆ ವಿಶೇಷ ಸಂಗತಿಯೇ ಗೆಲ್ಲಬೇಕು. ಇದನ್ನು ಅವರು ‘ಪೆಂಗ್ವಿನ್ ತತ್ವ’ ಎಂದೇ ಕರೆಯುತ್ತಾರೆ. ಪುಟ ತುಂಬ ಚಿಹ್ನೆಗಳಿರುವ ಶಾಸ್ತ್ರದಲ್ಲಿ ಇಂಥ ಹೆಸರು ಕಂಡಾಗ ಖುಷಿಯಾಗುತ್ತದೆ.

ರಾಜೀನಾಮೆಯ ಪಕ್ಕ ಲೆಕ್ಕದ ತಪ್ಪು. ಗೈರುಹಾಜರಿಯ ಪಕ್ಕ ಪಾರ್ಟಿ. ಓದುವವರ ತಲೆಯಲ್ಲಿ ‘ಯಾಕಂದ್ರೆ’ ತಾನೇ ಬಂದು ಕೂರುತ್ತದೆ. ಬರೆಯುವಾಗ ಅದು ನಿಮಗೂ ಗೊತ್ತಿತ್ತು, ಅಲ್ವಾ? ‘ನಾನು ಹಾಗೆ ಅಂದಿಲ್ಲ’ ಅಂತ ಈಗ ಹೇಳಬಹುದು, ನಿಜ. ಸೂಚಿಸಿದ ಅರ್ಥವನ್ನು ಹಿಂದಕ್ಕೆ ಪಡೆಯಬಹುದು ಎಂದು ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರ ಹಾರ್ವರ್ಡ್ ಉಪನ್ಯಾಸಗಳಲ್ಲೇ ಹೇಳಿದ್ದರು. ಆದರೆ ಹಿಂದಕ್ಕೆ ಪಡೆಯಬೇಕಾದರೆ ಮೊದಲು ಕೊಟ್ಟಿರಬೇಕಲ್ಲ!

ಬರೆಯದ ಪದಗಳನ್ನು ಎಣಿಸಿದವರೂ ಇದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅರವಿಂದ ಜೋಶಿ ಮತ್ತು ಸಂಗಡಿಗರು ಸುಮಾರು 10 ಲಕ್ಷ ಪದಗಳಷ್ಟು ಇಂಗ್ಲಿಷ್ ಪತ್ರಿಕಾ ಬರಹವನ್ನು ಹೀಗೆ ಜಾಲಾಡಿದರು. 2008ರಲ್ಲಿ ಹೊರಬಂದ ಅವರ ಸಂಗ್ರಹದಲ್ಲಿ ‘ಆದರೆ’, ‘ಏಕೆಂದರೆ’ ಥರದ ಪದ ಎದ್ದು ಕಾಣುವುದು 18,459 ಕಡೆ. ಪದವಿಲ್ಲದೆ ಸಂಬಂಧ ಮಾತ್ರ ಇರುವುದು 16,053 ಕಡೆ. ಅಲ್ಲೆಲ್ಲ ಅವರು ಹೊಂದುವ ಪದವೊಂದನ್ನು ತಾವೇ ಇಟ್ಟು ನೋಡಿ ಗುರುತು ಹಾಕಿದರು. ಗುಂಪಿಗೆ ಕಳಿಸುವ ಮೊದಲು ನೀವೂ ಹಾಗೆ ಒಂದು ಪದ ಇಟ್ಟು ನೋಡಿ. ಗೆಳೆಯನ ಹತ್ತಿರ ಮಾತ್ರ ವಾದ ಮಾಡದೆ ಕ್ಷಮೆ ಕೇಳಿಬಿಡಿ.

ಪ್ರಶ್ನೆ: ‘ಅದು’ ಅಂದಾಗ ಯಾವುದು ಅಂತ ಹೇಗೆ ತಿಳಿಯುತ್ತದೆ? ಹಿಂದೆ ಹೇಳಿದ ವಸ್ತು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಅಷ್ಟೇನಾ?

ಉತ್ತರ: ಮೇಷ್ಟ್ರು ಮುಕ್ಕಾಲು ಸರಿ. ಭಾಷಾವಿಜ್ಞಾನಿ ಐರೀನ್ ಹೈಮ್ 1982ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಕೇಳುಗನನ್ನು ಗುಮಾಸ್ತನ ಹಾಗೆ ಕಲ್ಪಿಸಿದರು. ‘ಒಬ್ಬ ಹುಡುಗ’ ಅಂದ ಕೂಡಲೇ ಗುಮಾಸ್ತ ಹೊಸ ಕಾರ್ಡ್ ತೆಗೆಯುತ್ತಾನೆ. ‘ಅವನು’ ಅಂದರೆ ಹಳೇ ಕಾರ್ಡಿನಲ್ಲೇ ಮುಂದಕ್ಕೆ ಬರೆಯುತ್ತಾನೆ. ‘ಯಾವ ಹುಡುಗನೂ ಬರಲಿಲ್ಲ’ ಅಂದರೆ ಕಾರ್ಡೇ ಇಲ್ಲ, ಆಮೇಲೆ ‘ಅವನು’ ಅನ್ನಲು ಬರುವುದಿಲ್ಲ.

ಬಾರ್ಬರಾ ಪಾರ್ಟೀ ಎಂಬ ಭಾಷಾವಿಜ್ಞಾನಿ ಕೊಟ್ಟ ಗೋಲಿಯ ಉದಾಹರಣೆ ಇನ್ನೂ ಚೆಂದ. ‘ಹತ್ತು ಗೋಲಿ ಬಿದ್ದವು. ಒಂದು ಸಿಗಲಿಲ್ಲ. ಅದು ಸೋಫಾ ಕೆಳಗಿರಬೇಕು.’ ಸರಿಯಾಗಿದೆ. ‘ಹತ್ತು ಗೋಲಿ ಬಿದ್ದವು. ಒಂಬತ್ತು ಸಿಕ್ಕವು. ಅದು ಸೋಫಾ ಕೆಳಗಿರಬೇಕು.’ ಎಡವಿತು. ಕಳೆದದ್ದು ಒಂದೇ ಅಂತ ಲೆಕ್ಕ ಹೇಳಿದರೂ ಅದಕ್ಕೆ ಕಾರ್ಡ್ ತೆರೆದಿಲ್ಲ.

ಆದರೆ ಕನ್ನಡದಲ್ಲಿ ‘ಅದು’ ಬಿಟ್ಟೇಬಿಟ್ಟರೆ? ‘ಒಂಬತ್ತು ಸಿಕ್ಕವು. ಸೋಫಾ ಕೆಳಗಿರಬೇಕು.’ ನನ್ನ ಕಿವಿಗೆ ಇದು ಅಷ್ಟೇನೂ ಎಡವುವುದಿಲ್ಲ. ಮನೆಯಲ್ಲಿ ಕೇಳಿದರೆ ‘ಇಲ್ಲವೇ ಇಲ್ಲ, ಇದೂ ಎಡವುತ್ತದೆ’ ಅನ್ನುತ್ತಾರೆ. ನಿಮ್ಮ ಕಿವಿ ಏನನ್ನುತ್ತದೆ, ಬರೆದು ಕಳಿಸಿ.