ಸೇಂದಿ ಒಂದೇ ಏಟಿಗೆ ಬಿಡಿಸೋಕೆ ಹೋಗಬೇಡಿ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನ ಕೆಲಸಗಾರ, ಮೂವತ್ತೈದರ ಆಸುಪಾಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಸೇಂದಿ (ಈಚಲು ಹೆಂಡ) ಚಟ ಬಿಡಿಸಬೇಕು ಅಂತ ಹೆಂಡತಿ ಮತ್ತು ಮಿಲ್ಲಿನ ಮುಕಾದಮರು (ಮೇಸ್ತ್ರಿ) ಸಲಹೆಗೆ ನನ್ನ ಬಳಿ ಕರೆತಂದಿದ್ದರು.

ಚೀಲ ತೂಗಿ ಹೊಲಿಯೋದು ಇವರ ಕೆಲಸ. ಒಂದು ಕಾಲಕ್ಕೆ ಬಲು ಚುರುಕಂತೆ. ಈಗ ತೂಕದ ಕಾಟಾದ ಮುಂದೆಯೇ ತೂಕಡಿಸುತ್ತಾರೆ, ಹೊಲಿಗೆ ಅರ್ಧಕ್ಕೇ ನಿಂತಿರುತ್ತದೆ, ಚೀಲ ಲಾರಿಗೇರುವಾಗ ಬಾಯಿ ಬಿಚ್ಚಿ ಬೇಳೆ ನೆಲದ ಪಾಲು. ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದ್ದರು, ಅಂದರೆ ಒಬ್ಬರ ಕೆಲಸಕ್ಕೆ ಇಬ್ಬರ ಪಗಾರ. "ರಜಾ ಹಾಕಿದ್ರ ಲೆಕ್ಕ ಸಿಗ್ತದ್ರಿ ಮೇಡಂ, ಇಂವ ಬಂದೂ ಇಲ್ದಂಗ" ಅಂದರು ಮುಕಾದಮರು.

ಕೆಲಸಗಾರರದು ಒಂದೇ ಮಾತು, "ಅದು ಗಿಡದ ಸೇಂದಿರಿ, ದಾರೂ ಅಲ್ಲ." ನಮ್ಮ ಕಡೆ ಕದ್ದು ಮಾರುವ ಸೇಂದಿಯಲ್ಲಿ ಗಿಡದ್ದು ಎಷ್ಟಿರುತ್ತದೆ ಹೇಳಿ? ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಇಲ್ಲವೇ ಅಲ್ಪ್ರಜೋಲಂ ಬೆರೆಸುತ್ತಾರೆ. ಎರಡೂ ಮಂಪರು ತರಿಸುವ ಔಷಧಗಳು, ದಿನಾ ಕುಡಿದರೆ ಮೈ ಅದಕ್ಕೇ ಒಗ್ಗಿಹೋಗುತ್ತದೆ, ಥಟ್ಟನೆ ಬಿಟ್ಟರೆ ತಡೆಯೋದಿಲ್ಲ.

"ಬಿಟ್ಟು ಬಾ, ಆಮೇಲೆ ಕೆಲಸ" ಅಂತ ಮಿಲ್ಲಿನ ಮಾಲೀಕ ಸಾಹುಕಾರರು ಮನೆಗೆ ಕಳಿಸಿದ್ದರು. ಇವರು ನಿಜಕ್ಕೂ ಬಿಟ್ಟರು. ಎರಡನೇ ರಾತ್ರಿ ಕೈ ನಡುಗಿ, ಇಲ್ಲದವರ ಜೊತೆ ಮಾತಾಡಿ, ಬೆಳಗಿನ ಜಾವ ಫಿಟ್ಸ್ ಬಂತು. ಹೆದರಿದ ಹೆಂಡತಿ ತಾವೇ ಹೋಗಿ ಒಂದು ಪಾಕೀಟು ಸೇಂದಿ ತಂದು ಕುಡಿಸಿದರು. ಅವರನ್ನು ಬೈಯಬೇಡಿ, ಬೇರೆ ದಾರಿ ಯಾರೂ ಹೇಳಿರಲಿಲ್ಲ.

ಇವರಿಗೆ ನಾನು ಹೇಳಿದ್ದು: ಸುಮ್ನೆ ಮನೇಲಿ ಕೂತು ನಿಲ್ಲಿಸೋಕೆ ಹೋಗಬೇಡಿ. ಇಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಮನೋವೈದ್ಯರನ್ನು ನೋಡಿ, ಫಿಟ್ಸ್ ಬಂದದ್ದನ್ನು ಮುಚ್ಚಿಡಬೇಡಿ. ಅವರು ಮಾತ್ರೆ ಕೊಟ್ಟು ನಿಧಾನಕ್ಕೆ ಡೋಸ್ ಇಳಿಸುತ್ತಾರೆ, ಅದಕ್ಕೆ ವಾರಗಟ್ಟಲೆ ಬೇಕು. ಹೆಂಡತಿಗೆ: ಮತ್ತೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ವ್ಯಸನದ ಬಗ್ಗೆ ಏನೇ ಕೇಳಬೇಕಿದ್ದರೂ 14446 ಸಹಾಯವಾಣಿ ಇದೆ, ದುಡ್ಡು ಬೀಳಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಸಾಹುಕಾರರ ಜೊತೆ. ಕೆಲಸ ಹೋಗುತ್ತೆ ಅಂದರೆ ಯಾರಾದರೂ ಬಾಯಿ ಬಿಡ್ತಾರಾ? ಮುಚ್ಚಿಟ್ಟುಕೊಂಡೇ ಮಷೀನಿನ ಮುಂದೆ ನಿಲ್ಲುತ್ತಾರೆ, ಬೆಲ್ಟಿಗೆ ಕೈ ಸಿಕ್ಕಿದರೆ ಆಮೇಲೆ ಯಾರ ಹೊಣೆ? ಕೆಲಸದಿಂದ ತೆಗೆಯಬೇಡಿ, ಆದರೆ ಮಷೀನು, ಲಾರಿ ಹತ್ತಿರ ಬಿಡಬೇಡಿ ಅಂದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ವಂತಿಗೆ ಸರಿಯಾಗಿ ಕಟ್ಟಿದ್ದರೆ, ಡಾಕ್ಟರ್ ರಜೆ ಬರೆದ ದಿನಗಳಿಗೆ ಪಗಾರದ ಶೇ 70ರಷ್ಟು ಸಿಗುತ್ತದೆ ಅನ್ನೋದು ಅವರಿಗೇ ಗೊತ್ತಿರಲಿಲ್ಲ. ಒಪ್ಪಿದರು. ಖಾಲಿ ಚೀಲ ಎಣಿಸಿ ಜೋಡಿಸುವ ಕೆಲಸ ಕೊಟ್ಟಿದ್ದಾರೆ.

ಮಾತ್ರೆ ಇನ್ನೂ ಮುಗಿದಿಲ್ಲ. ನಡುವೆ ಒಮ್ಮೆ ಮತ್ತೆ ಕುಡಿದರು, ತಾವೇ ಡಾಕ್ಟರಿಗೆ ಹೇಳಿದರು, ಅದು ನನಗೆ ದೊಡ್ಡ ವಿಷಯ. ಡಾಕ್ಟರ್ ಒಪ್ಪಿದ ಮೇಲೆಯೇ ಹೊಲಿಗೆ ಮಷೀನಿಗೆ ವಾಪಸ್ ಅಂತ ಮುಕಾದಮರಿಗೆ ಹೇಳಿಟ್ಟಿದ್ದೇನೆ.